ನಾಲ್ವರು ಮಹದೇವಮ್ಮಂದಿರು

ಮುದ್ದಯ್ಯ ತಪ್ಪೊಪ್ಪಿಗೆ ಬರೆಸಲು ಬಂದಿದ್ದ. ಅದನ್ನು ಟೈಪ್ ಮಾಡಬೇಕಾದವಳು ಶಿವರಂಜಿನಿ.

ಇಬ್ಬರೂ ದುಡಿಯುವ ಗುಂಡ್ಲುಪೇಟೆಯ ಪುಟ್ಟ ಸಂಸ್ಥೆಯ ಕೆಲಸ ಒಂದೇ: ಆನೆ ಕಾಡು ಬಿಟ್ಟು ಹೊರಬಿದ್ದರೆ ಅಂಚಿನ ಊರುಗಳ ಮೊಬೈಲಿಗೆ ಮೆಸೇಜು ಕಳಿಸುವುದು. ಕಾಡಂಚಿನ ಮದ್ದೂರು ಕಡೆ ಮನೆಮನೆ ಸುತ್ತಿ ಹೆಸರು, ನಂಬರು ಬರೆದು ತಂದವನು ಮುದ್ದಯ್ಯ. ಮೂರು ದಿನದ ಹಿಂದೆ ಅಲ್ಲಿನ ಒಂದೂರಲ್ಲಿ ಚೆಂಡುಹೂ ಬಿಡಿಸಲು ಹೊರಟ ಮಹದೇವಮ್ಮನನ್ನು ಆನೆ ತುಳಿದು ಕೊಂದಿತ್ತು. ಅವಳಿಗೆ ಮೆಸೇಜೇ ಹೋಗಿರಲಿಲ್ಲ.

"ಬರ್ಕೊಳವ್ವ. ಎಸ್ರು ಬರ್ಯದ ಮರ್ತ್ಬುಟ್ಟೆ, ತಪ್ಪು ನಂದೇ ಅಂತ."

"ಕೆಲ್ಸದಿಂದ ತೆಗೀತಾರೆ ಕಣಣ್ಣ."

"ತಗೀಲಿ ಬುಡು. ಆ ಊರ್ಗೆ ಎಂಗ್ ಮೊಕ ತೋರ್ಸ್ಲಿ?"

ಅವನು ಬರೆದ ಪಟ್ಟಿಯನ್ನು ಶಿವರಂಜಿನಿ ಬೆಳಗ್ಗೆಯೇ ತೆರೆದು ನೋಡಿದ್ದಳು. ಆ ಊರಲ್ಲಿ ಮಹದೇವಮ್ಮ ನಾಲ್ವರು. ಮನೆದೇವರ ಹೆಸರಿಡದ ಮನೆ ಈ ಸೀಮೆಯಲ್ಲಿ ಎಲ್ಲಿದೆ? ಅದಕ್ಕೇ ಮುದ್ದಯ್ಯ ಒಬ್ಬೊಬ್ಬರ ಮುಂದೆಯೂ ಊರವರು ಕರೆಯುವ ಗುರುತು ಬರೆದಿದ್ದ: ತೊಟ್ಟಿಮನೆ, ಬಾವಿಕಟ್ಟೆ, ಗಿರಣಿ, ಹುಣಸೆಮರ. ಸತ್ತವಳು ಹುಣಸೆಮರದವಳು.

ಆ ಗುರುತುಗಳು ಇವಳಿಗೆ ಕಸವಾಗಿ ಕಂಡಿದ್ದವು. ಮೆಸೇಜು ಕಳಿಸುವ ಪ್ರೋಗ್ರಾಮು ಬರೆದವಳು ಅವಳೇ; ಅದರಲ್ಲಿ ಮ್ಯಾಪ್ ಎಂಬ ಒಂದು ಸಾಲಿನ ಆಜ್ಞೆ ಬರೆದು ಪ್ರತಿ ಹೆಸರಿನಿಂದಲೂ ಗುರುತನ್ನು ಒರೆಸಿಹಾಕಿದ್ದಳು. ಇನ್ನೊಂದು ಸಾಲು ಫಿಲ್ಟರ್: ಒಂದೇ ಊರಲ್ಲಿ ಅದೇ ಹೆಸರು ಮತ್ತೆ ಬಂದರೆ, ಯಾರೋ ಸಿಮ್ ಬದಲಿಸಿದ್ದಾರೆಂದು ತಿಳಿದು, ಮೊದಲನೆಯದನ್ನು ಉಳಿಸಿ ಮಿಕ್ಕಿದ್ದನ್ನು ಬಿಡು. ನಾಲ್ವರು ಮಹದೇವಮ್ಮಂದಿರಲ್ಲಿ ಉಳಿದವಳು ತೊಟ್ಟಿಮನೆಯವಳೊಬ್ಬಳೇ. ಎರಡೇ ಸಾಲಿಗೆ ಪಟ್ಟಿ ಚೊಕ್ಕವಾಯಿತೆಂದು ಬೀಗಿದ್ದಳು ಬೇರೆ. ತೆರಕಣಾಂಬಿಯ ತನ್ನ ಬೀದಿಯಲ್ಲೇ ಮೂವರು ಮಹದೇವಮ್ಮಂದಿರಿರುವುದು ಈ ಜಾಣೆಗೆ ಆಗ ನೆನಪಾಗಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನೀವು ಬರ್ದಿದ್ರಿ ಕಣಣ್ಣ. ಅಳಿಸ್ದೋಳು ನಾನು."

ಮುದ್ದಯ್ಯ ಬೈಯಲಿಲ್ಲ. "ಮೂರ್ ದಿನದಿಂದ ನಂಗೆ ಅನ್ನ ಇಳ್ದಿಲ್ಲ. ಇನ್ ನಿಂಗಿಳಿಯಕ್ಕಿಲ್ಲ," ಎಂದ. ಆಮೇಲೆ ಕುರ್ಚಿ ಎಳೆದುಕೊಂಡು, "ಇನ್ನೆಷ್ಟ್ ಜನಾನ ಅಳ್ಸಿದ್ದೀಯ?" ಎಂದು ಕೇಳಿದ.

ಅವಳು ಫಿಲ್ಟರನ್ನು ಉಲ್ಟಾ ಮಾಡಿ, ಬಿಟ್ಟುಹೋದವರನ್ನಷ್ಟೇ ಗುರುತಿನ ಸಮೇತ ಎತ್ತಿದಳು. ಎಂಬತ್ತೊಂಬತ್ತು ಹೆಸರು ಬಂದವು. ಆನೆ ಇನ್ನೂ ಕಾಡಿಗೆ ಮರಳಿರಲಿಲ್ಲ.

"ಓದವ್ವ," ಎಂದು ಮುದ್ದಯ್ಯ ಮೊಬೈಲು ತೆಗೆದ. ಅವಳು ಓದಿದಂತೆ ಒಬ್ಬೊಬ್ಬರಿಗೂ ಫೋನು ಮಾಡಿ, ಹೊಲದ ಕಡೆ ಹೋಗಬೇಡಿ ಎಂದ. ಹದಿನಾಲ್ಕನೆಯ ಹೆಸರನ್ನೂ ಶಿವರಂಜಿನಿ ಬಿಡದೆ ಓದಿದಳು. ಹುಣಸೆಮರದ ಮಹದೇವಮ್ಮ.

ಮುದ್ದಯ್ಯ ನಂಬರು ಒತ್ತಿ ಮೊಬೈಲನ್ನು ಅವಳ ಕೈಗಿತ್ತ. "ಇದ ನೀನೇ ಮಾತಾಡು. ಎತ್ತದು ಅವಳ ಮಗಳು."

ಎರಡನೇ ರಿಂಗಿಗೇ ಹುಡುಗಿ ಎತ್ತಿದಳು. ಶಿವರಂಜಿನಿ ಮೊದಲು ತನ್ನ ಹೆಸರು ಹೇಳಿದಳು.