ಕ್ಯಾಂಪಿನ ವಾರದ ಮಾತ್ರೆ

ಬ್ಯಾಟರಿ ಬದಲಾಯಿಸಿದರೂ ಬಿ.ಪಿ. ಮಷೀನು ಅದನ್ನೇ ಹೇಳಿತು. ನೂರ ತೊಂಬತ್ತೆರಡು.

ಪ್ರದ್ಯುಮ್ನ ಪಟ್ಟಿಯನ್ನು ಕೆಂಪಮ್ಮನ ತೋಳಿನಿಂದ ಬಿಚ್ಚಿ ತನಗೇ ಸುತ್ತಿಕೊಂಡು ಗುಂಡಿ ಒತ್ತಿದ. ನೂರ ಹದಿನಾಲ್ಕು. ಅಂದರೆ ಮಷೀನಿಗೆ ಏನೂ ಆಗಿಲ್ಲ. ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ.

ಬೆಳಗ್ಗೆಯಿಂದ ಇದೇ ಆಗುತ್ತಿತ್ತು. ಮೊದಲು ಬಂದ ಮೈಸೂರಿನ ನಿವೃತ್ತ ಮೇಷ್ಟ್ರಿಗೆ ಜಾಸ್ತಿ. ಅವರ ಹೆಂಡತಿಗೆ ಇನ್ನೂ ಜಾಸ್ತಿ. ಹೋದ ತಿಂಗಳು ಇವರದೆಲ್ಲ ಹೇಳಿ ಮಾಡಿಸಿದ ಹಾಗಿತ್ತು.

ಪ್ಲೆಸೆಂಟನ್ನಿನ ಕಮ್ಯುನಿಟಿ ಹಾಲಿನಲ್ಲಿ ತಿಂಗಳಿಗೊಂದು ಶುಕ್ರವಾರ ಈ ಬಿ.ಪಿ. ಕ್ಯಾಂಪು. ಮಕ್ಕಳ ಮನೆಗೆಂದು ಕರ್ನಾಟಕದಿಂದ ಈ ದೂರದೇಶಕ್ಕೆ ಬಂದು, ಹಗಲೆಲ್ಲ ಸೋಫಾದಲ್ಲಿ ಕೂತು ಎದುರುಮನೆಯ ಗ್ಯಾರೇಜು ತೆರೆಯುವುದನ್ನೂ ಮುಚ್ಚುವುದನ್ನೂ ನೋಡುವ ಅಪ್ಪ-ಅಮ್ಮಂದಿರಿಗಾಗಿ. ವರ್ಷದ ಹಿಂದೆ ಇದನ್ನು ಶುರು ಮಾಡಿದವನು ಪ್ರದ್ಯುಮ್ನನೇ. ಆದರೆ ಅವನು ಯಾರನ್ನೂ ಮುಟ್ಟಿದವನಲ್ಲ. ಪಟ್ಟಿ ಸುತ್ತುತ್ತಿದ್ದವಳು ನರ್ಸಿಂಗ್ ಓದುವ ಕಾವ್ಯಾ. ಅವನು ಹೆಸರು ಕೂಗಿ, ಅಂಕಿಯನ್ನು ಲ್ಯಾಪ್‌ಟಾಪಿಗೆ ಹಾಕಿ, "ಇಳಿದಿದೆ ಅಜ್ಜಿ, ಚೆನ್ನಾಗಿದೆ" ಎಂದು ನಗುತ್ತಿದ್ದ. ಇವತ್ತು ಕಾವ್ಯಾಳಿಗೆ ಜ್ವರ.

ತಿಂಗಳಿಂದ ತಿಂಗಳಿಗೆ ಆ ಅಂಕಿಗಳು ಇಳಿಯುತ್ತ ಹೋಗಿ ಗ್ರಾಫಿನಲ್ಲಿ ಒಂದು ಗೆರೆಯಾಗಿದ್ದವು. ಅಂಥ ಗೆರೆ ಪುಸ್ತಕದಲ್ಲಿ ಮಾತ್ರ ಇರುತ್ತದೆ ಎಂದು ಡಾ. ಮಧುಕರ್ ಹೊಗಳಿದ್ದರು. ಮಧುಕರ್ ಫ್ರೀಮಾಂಟಿನ ಹೃದಯದ ಡಾಕ್ಟರು. ಕ್ಯಾಂಪಿನ ಮೇಲ್ವಿಚಾರಣೆ ಅವರದು, ಮೆಡಿಕಲ್ ಸ್ಕೂಲಿಗೆ ಪ್ರದ್ಯುಮ್ನನ ಶಿಫಾರಸು ಪತ್ರ ಬರೆದವರೂ ಅವರೇ. ಆ ಗೆರೆಯ ಮೇಲೆ ಪ್ರದ್ಯುಮ್ನನಿಗೆ ಪ್ರೀತಿಯಿತ್ತು ಎಂದರೆ ತಪ್ಪಾಗಲಾರದು. ಗೆರೆಯೊಳಗಿದ್ದ ಜನರ ಬಗ್ಗೆ ಅಷ್ಟು ಖಂಡಿತವಾಗಿ ಹೇಳುವಂತಿರಲಿಲ್ಲ.

ಗೆರೆ ಅವನಿಗೆ ಮೆಡಿಕಲ್ ಸ್ಕೂಲಿನಲ್ಲಿ ಸೀಟು ಕೊಡಿಸಿತ್ತು. ಈಗ ಅದೇ ಸ್ಕೂಲಿನವರು ಇನ್ನೊಂದು ಬಾಗಿಲು ತೆರೆದಿದ್ದರು. ಡಾಕ್ಟರಿಕೆಯ ಜೊತೆಜೊತೆಗೇ ಸಾರ್ವಜನಿಕ ಆರೋಗ್ಯದ ಡಿಗ್ರಿ. ಒಂದು ವರ್ಷ ಹೆಚ್ಚು, ಬೆರಳೆಣಿಕೆಯ ಸೀಟು. ಇವತ್ತು ಒಂದು ಗಂಟೆಗೆ ಅದರ ಮುಖ್ಯಸ್ಥೆ ವಿಡಿಯೋದಲ್ಲಿ ಇಂಟರ್ವ್ಯೂ ಮಾಡುವವರಿದ್ದರು.

ಆ ಎರಡನೆಯ ಡಿಗ್ರಿ ಅವನಿಗೆ ಬೇಕಾಗಿತ್ತು. ಅರ್ಜಿಯಲ್ಲಿ ಕಾರಣಗಳನ್ನು ಚೆನ್ನಾಗಿಯೇ ಬರೆದಿದ್ದ. ಬರೆಯದ ಕಾರಣ ಒಂದೇ. ಒಬ್ಬ ಮನುಷ್ಯ ಎದುರಿಗೆ ಕೂತು ನೋವು ಎಂದರೆ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಗಡಿಯಾರ ನೋಡಬೇಕೆನಿಸುತ್ತಿತ್ತು. ಅದೇ ಒಂದು ಲಕ್ಷ ಜನಕ್ಕೆ ನೋವು ಎಂದು ಓದಿದರೆ ಆ ಪುಟ ಬಿಟ್ಟೇಳಲು ಆಗುತ್ತಿರಲಿಲ್ಲ.

ಅಪ್ಪ ನಾಗರಾಜು ಮಾತ್ರ ಒಪ್ಪಿರಲಿಲ್ಲ. "ಪಬ್ಲಿಕ್ ಹೆಲ್ತ್ ಅಂದ್ರೆ ಏನೋ? ನಮ್ಮೂರಲ್ಲಿ ಚರಂಡಿಗೆ ಪೌಡರ್ ಹಾಕಿಸ್ತಿದ್ರಲ್ಲ, ಹೆಲ್ತ್ ಇನ್‌ಸ್ಪೆಕ್ಟ್ರು, ಅದಾ? ಅದಕ್ಕೆ ಡಾಕ್ಟ್ರೇ ಆಗ್ಬೇಕಾ?" ಎಂದು ಕೇಳಿದ್ದರು. ಕೇಳಿದ ಮೇಲೂ ಕ್ಯಾಂಪಿನ ಕುರ್ಚಿಗಳನ್ನು ಪ್ರತಿ ತಿಂಗಳೂ ತಮ್ಮ ಕಾರಿನಲ್ಲೇ ತಂದು ಇಳಿಸಿ ಹೋಗುತ್ತಿದ್ದರು. ಪ್ರದ್ಯುಮ್ನನಿಗೆ ಅಪ್ಪನ ಮೇಲೆ ಕೃತಜ್ಞತೆ ಇತ್ತು. ಅಮ್ಮನ ಮೇಲೆ, ಮಧುಕರ್ ಮೇಲೆ, ಏಳನೇ ವಯಸ್ಸಿನಲ್ಲಿ ಅವನಿಗೆ ಇಂಗ್ಲಿಷ್ ಕಲಿಸಿದ ಟೀಚರ ಮೇಲೆ, ಹಾಲಿನ ಬೀಗ ತೆಗೆಯುವವನ ಮೇಲೂ ಇತ್ತು. ಅದು ನಾಟಕವಲ್ಲ, ನಿಜವಾಗಿಯೂ ಇತ್ತು. ಅದನ್ನು ಬಿಟ್ಟರೆ ತನ್ನೊಳಗೆ ಬೇರೆ ಏನಿದೆ ಎಂದು ಹುಡುಕಲು ಹೋದಾಗ ಮಾತ್ರ ಅವನಿಗೆ ಗಾಬರಿಯಾಗುತ್ತಿತ್ತು.

"ಜಾಸ್ತಿ ಬಂದದಾ?" ಎಂದರು ಕೆಂಪಮ್ಮ.

"ಸ್ವಲ್ಪ ಜಾಸ್ತಿ ಇದೆ ಅಜ್ಜಿ."

ಕೆಂಪಮ್ಮ ತಲೆ ತಗ್ಗಿಸಿದರು. ಹಾಸನದ ಕಡೆಯವರು. ಮಗಳ ಬಾಣಂತನಕ್ಕೆಂದು ಪಕ್ಕದ ಊರಾದ ಡಬ್ಲಿನ್ನಿಗೆ ಬಂದು, ಇನ್ನಷ್ಟು ದಿನ ಇರಮ್ಮ ಎಂದಳೆಂದು ಇದ್ದವರು. ಬಂದಾಗಿನಿಂದ ಒಂದು ಕ್ಯಾಂಪನ್ನೂ ತಪ್ಪಿಸಿದವರಲ್ಲ.

"ನನ್ ತಪ್ಪ ಹೊಟ್ಟೆಗಾಕ್ಕೊ ಮಗಾ. ಹೋದ ವಾರ ಅಂತ ತಿಳ್ಕಂಡು ನುಂಗ್ಬುಟ್ಟೆ."

"ಏನನ್ನ?"

"ಮಾತ್ರೆಯ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಕ್ಯಾಂಪು ನಡೆಯಬೇಕಾಗಿದ್ದದ್ದು ಹೋದ ಶುಕ್ರವಾರ. ಯಾರದೋ ಸೀಮಂತಕ್ಕೆ ಕಮ್ಯುನಿಟಿ ಹಾಲನ್ನು ಬಿಟ್ಟುಕೊಟ್ಟಿದ್ದಾರೆಂದು ಕೊನೇ ಗಳಿಗೆಯಲ್ಲಿ ಒಂದು ವಾರ ಮುಂದೆ ಹಾಕಿದ್ದರು.

"ಮಾತ್ರೆ ದಿನಾ ತಗೋಬೇಕಲ್ವಾ ಅಜ್ಜಿ?"

"ದಿನಾ ನುಂಗುದ್ರೆ ಎಲ್ಲಿ ಸಾಕಾಯ್ತದೆ? ಆರು ತಿಂಗ್ಳಿಗೆ ಅಂತ ಊರಿಂದ ತಂದಿದ್ದು. ಮಗಳ್ಗೆ ಹೇಳುದ್ರೆ ಡಾಕ್ಟ್ರತಕ್ಕೆ ಕರ್ಕೊಂಡೋಗ್ಬೇಕು, ಕೆಲ್ಸ ಬುಡ್ಬೇಕು. ಔಳೇ ಮಗೀನ ಕಟ್ಕೊಂಡು ಒದ್ದಾಡ್ತಾವ್ಳೆ. ಅದ್ಕೇ ನಿನ್ ಕ್ಯಾಂಪಿನ ವಾರ ಮಾತ್ರ ನುಂಗದು. ನಾನೊಬ್ಳೇ ಅಲ್ಲ, ಎಲ್ರೂ ಹಂಗೇಯ. ಮೇಷ್ಟ್ರೂ ಹಂಗೇಯ."

"ಕ್ಯಾಂಪಿನ ವಾರ ಯಾಕೆ?"

ಇದೆಂಥ ಪ್ರಶ್ನೆ ಎನ್ನುವ ಹಾಗೆ ಕೆಂಪಮ್ಮ ಅವನನ್ನು ನೋಡಿದರು.

"ಇಳ್ದದೆ ಅಜ್ಜಿ ಅಂತ ನಗ್ತಿಯಲ್ಲಪ್ಪ. ಈ ದೇಸದಲ್ಲಿ ನಮ್ಮನ್ನ ಹೆಸ್ರಿಡ್ದು ಕರೆಯೋನು ನೀನೊಬ್ಬ. ಇಷ್ಟೆಲ್ಲ ಮಾಡ್ತಿಯ, ನಿನ್ ಮುಖ ಬಾಡುಸ್ಬಾರ್ದು ಅಂತ."

ಪ್ರದ್ಯುಮ್ನ ಮುಂದಿನವರ ಹೆಸರು ಕೂಗಬೇಕಾಗಿತ್ತು. ಲ್ಯಾಪ್‌ಟಾಪಿನಲ್ಲಿದ್ದ ಗೆರೆಯನ್ನು ನೋಡಿದ. ನೆಂಟರು ಬರುವ ದಿನ ಮಾತ್ರ ಮನೆ ಗುಡಿಸುತ್ತಾರಲ್ಲ, ಇವರು ಹಾಗೆ ತಮ್ಮ ರಕ್ತನಾಳಗಳನ್ನು ಗುಡಿಸಿಕೊಂಡು ಬರುತ್ತಿದ್ದರು. ಗೆರೆ ಇಳಿದದ್ದು ದಾಕ್ಷಿಣ್ಯಕ್ಕೆ. ಅವನು ನಗುವುದನ್ನು ಕಲಿತ ಹಾಗೆಲ್ಲ ಅವರು ಮಾತ್ರೆ ನುಂಗುವುದನ್ನು ಕಲಿತಿದ್ದರು. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ತಡೆಯಲಾರದೆ, ಸಂತೋಷವೂ ಆಯಿತು. ತನಗಾಗಿ ಯಾರೂ ಇಂಥದ್ದನ್ನು ಮಾಡಿರಲಿಲ್ಲ.

ಮಧುಕರ್ ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದರು. ಪ್ರದ್ಯುಮ್ನ ಹೋಗಿ ನಿಂತ.

"ಅಂಕಲ್, ಇವರೆಲ್ಲ ಕ್ಯಾಂಪಿನ ವಾರ ಮಾತ್ರ ಟ್ಯಾಬ್ಲೆಟ್ ತಗೋತಿದ್ರಂತೆ."

"ಯಾರು?"

"ಎಲ್ಲರೂ."

ಮಧುಕರ್ ಇನ್ನೊಂದು ಗುಟುಕು ಕುಡಿದರು. "ಪೇಷೆಂಟ್ಸ್ ಅಂದ್ರೆ ಹಾಗೇನೇ."

"ಹಾಗಾದ್ರೆ ನಮ್ಮ ಗ್ರಾಫು..."

"ಇಂಟರ್ವ್ಯೂ ಎಷ್ಟು ಹೊತ್ತಿಗೆ ನಿಂದು?"

"ಒಂದು ಗಂಟೆಗೆ."

"ಗುಡ್. ಇವತ್ತಿನ ರೀಡಿಂಗ್ಸ್ ಮುಂದಿನ ವಾರ ನೋಡೋಣ."

"ಸ್ಕೂಲಿನವರಿಗೆ ಹೇಳ್ಬೇಕಲ್ವಾ ಅಂಕಲ್?"

"ಯಾರಿಗೆ ಏನು ಹೇಳ್ತೀಯ? ಹೇಳೋ ಅಷ್ಟು ನಮಗೆ ಏನು ಗೊತ್ತು? ಒಬ್ಬರು ಅಜ್ಜಿ ಏನೋ ಅಂದ್ರು."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಮಧುಕರ್ ಪಳಗಿದವರು. ಆದರೆ ಡಾಕ್ಟರಿಕೆಯಲ್ಲಿ ಅವರು ಹಾಗಲ್ಲ. ಲೋಟ ಕೆಳಗಿಟ್ಟು ಎದ್ದು ಬಂದು ಕೆಂಪಮ್ಮನ ಎದೆಗೆ ಸ್ಟೆತಾಸ್ಕೋಪು ಹಿಡಿದರು. ತಲೆನೋವಿದೆಯಾ, ಕಣ್ಣು ಮಂಜಾಗುತ್ತಾ ಎಂದು ಮೆಲ್ಲಗೆ ಕೇಳಿದರು. ಅವರ ಮಗಳಿಗೂ, ಉಳಿದವರ ಮನೆಗಳಿಗೂ ಒಂದೊಂದಾಗಿ ಫೋನು ಮಾಡಿದರು. ಆಮೇಲೆ ಪ್ರದ್ಯುಮ್ನನ ಹೆಗಲು ತಟ್ಟಿದರು.

"ಎಮರ್ಜೆನ್ಸಿ ಏನಲ್ಲ. ಆದ್ರೆ ಈಯಮ್ಮನ್ನ ಇವತ್ತೇ ತೋರಿಸ್ಬೇಕು. ಮಗಳು ಮೀಟಿಂಗಲ್ಲಿದ್ದಾಳೆ, ಮುಗಿಸಿ ಸೀದಾ ಡಬ್ಲಿನ್ ಕ್ಲಿನಿಕ್ಕಿಗೆ ಬರ್ತಾಳಂತೆ. ನೀನು ಕರ್ಕೊಂಡು ಹೋಗು."

ಕೆಂಪಮ್ಮ ಮುಂದಿನ ಸೀಟಿನಲ್ಲಿ ಕೂತರು. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಫ್ರೀವೇಗೆ ಹತ್ತಿದ ಕೂಡಲೇ ಅಮ್ಮ ಉಮಾಶ್ರೀಯ ಫೋನು ಬಂತು; ಕಾರಿನ ಸ್ಪೀಕರಿನಲ್ಲಿ ಅವರ ದನಿ ದೊಡ್ಡದಾಗಿ ಕೇಳಿಸಿತು.

"ತಿಂದ್ಯೇನೋ? ಖಾಲಿ ಹೊಟ್ಟೇಲಿ ಇಂಟರ್ವ್ಯೂಗೆ ಕೂರ್ಬೇಡ."

"ತಿಂದೆ ಅಮ್ಮ."

"ಕ್ಯಾಂಪಿನ ವಿಷಯ ಚೆನ್ನಾಗಿ ಹೇಳು. ಎಷ್ಟು ಜನಕ್ಕೆ ಒಳ್ಳೇದಾಗಿದೆ ಅದರಿಂದ."

"ಹೂಂ."

"ಅಪ್ಪನ ಮಾತು ತಲೆಗೆ ಹಾಕ್ಕೋಬೇಡ. ಆ ಎರಡನೇ ಡಿಗ್ರಿನೂ ಮಾಡು. ನಿನ್ನೆ ಅವರೇ ಯಾರಿಗೋ ಫೋನಲ್ಲಿ ಹೇಳ್ತಿದ್ರು, ನನ್ ಮಗ ಊರಿಗೂರೇ ವಾಸಿ ಮಾಡೋ ಡಾಕ್ಟ್ರು ಆಗ್ತಾನೆ ಅಂತ."

ಅವನು ಥ್ಯಾಂಕ್ಸ್ ಅಮ್ಮ ಎಂದ. ಅಮ್ಮ ನಕ್ಕು, ನನಗೆಂಥ ಥ್ಯಾಂಕ್ಸೋ ಎಂದು ಫೋನಿಟ್ಟರು.

"ನಿಮ್ಮವ್ವನಾ?" ಎಂದರು ಕೆಂಪಮ್ಮ. "ಪುಣ್ಯವಂತೆ."

ಕ್ಲಿನಿಕ್ಕಿನ ಮುಂದೆ ಕಾರು ನಿಲ್ಲಿಸಿದಾಗ ಗಂಟೆ ಒಂದಾಗುತ್ತ ಬಂದಿತ್ತು. ಮಗಳು ಇನ್ನೂ ಬಂದಿರಲಿಲ್ಲ. ಒಳಗೆ ಹೋಗಿ ಹೆಸರು ಬರೆಸಿ ಕೂರಬಹುದಿತ್ತು. ಗಾಜಿನ ಬಾಗಿಲಿನಾಚೆ ಮಕ್ಕಳು ಅಳುತ್ತಿದ್ದವು, ಟಿ.ವಿ. ಓಡುತ್ತಿತ್ತು. ಅಲ್ಲಿ ಇಂಟರ್ವ್ಯೂ ಸಾಧ್ಯವಿರಲಿಲ್ಲ. ಮಗಳೇ ಬರಲಿ, ಇನ್ಶೂರೆನ್ಸ್ ಕಾಗದ ಅವಳ ಹತ್ತಿರವೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತು ಸರಿಯಾಗಿಯೇ ಇತ್ತು.

"ಅಜ್ಜಿ, ಒಂದು ಸ್ವಲ್ಪ ಹೊತ್ತು. ಒಬ್ಬರ ಹತ್ರ ಮಾತಾಡ್ಬೇಕು."

"ಮಾತಾಡು ಮಗಾ. ನಂಗೇನು ಅವಸ್ರ."

ಫೋನನ್ನು ಸ್ಟಿಯರಿಂಗಿಗೆ ಒರಗಿಸಿಟ್ಟ. ಪರದೆಯ ಮೇಲೆ ಆ ಮುಖ್ಯಸ್ಥೆ, ಬಿಳಿಗೂದಲಿನ ಪ್ರೊಫೆಸರ್, ಮೂಡಿದರು. ಒಳ್ಳೆಯ ಮುಖ. ಅವರಿಗೂ ಅವನಿಗೂ ಇಂಗ್ಲಿಷಿನಲ್ಲಿ ಮಾತು ನಡೆಯಿತು. ಕಾರಿನಲ್ಲಿ ಕೂತಿರುವುದಕ್ಕೆ ಅವನು ಕ್ಷಮೆ ಕೇಳಿದ. ಕ್ಯಾಂಪಿನಿಂದ ಸೀದಾ ಬಂದಿರಬೇಕು ಎಂದು ಅವರು ಮೆಚ್ಚಿಕೊಂಡರು.

"ನಿಮ್ಮ ಗ್ರಾಫನ್ನು ನಾನು ನನ್ನ ವಿದ್ಯಾರ್ಥಿಗಳಿಗೂ ತೋರಿಸಿದೆ. ಒಂದು ಪ್ರಶ್ನೆ. ಈ ಸಮುದಾಯದ ನಂಬಿಕೆಯನ್ನು ಹೇಗೆ ಗಳಿಸಿದಿರಿ?"

ಉತ್ತರ ಸಿದ್ಧವಿತ್ತು, ಕನ್ನಡಿಯೆದುರು ಹೇಳಿ ಹೇಳಿ ನಯ ಮಾಡಿಕೊಂಡಿದ್ದ. ಈಗ ಅದನ್ನು ಶುರು ಮಾಡಲು ಹೋಗಿ ತಡೆದ. ಆ ಗ್ರಾಫು ಸುಳ್ಳು ಎಂದು ಹೇಳಿಬಿಟ್ಟರೆ ಏನಾಗುತ್ತದೆ? ಎರಡನೆಯ ಡಿಗ್ರಿ ಹೋಗುತ್ತದೆ. ಮೊದಲನೆಯದೂ ಹೋಗಬಹುದು. ಮಧುಕರ್ ಮುಖ ಬಾಡುತ್ತದೆ, ಅಪ್ಪನ ಮುಖ ಬಾಡುತ್ತದೆ. ಯಾರ ಮುಖವೂ ಬಾಡಬಾರದು ಎಂದು ಇವನೂ ಏನನ್ನೋ ನುಂಗುತ್ತಲೇ ಬಂದಿದ್ದನೆಂದು ಅವನಿಗೆ ಹೊಳೆದದ್ದು ಆಗಲೇ. ಹೊಳೆದು ಪ್ರಯೋಜನವೇನೂ ಆಗಲಿಲ್ಲ.

"ಪಕ್ಕದಲ್ಲಿ ಯಾರೋ ಇದ್ದಾರಲ್ಲವೇ?" ಎಂದರು ಪ್ರೊಫೆಸರ್. ಕೆಂಪಮ್ಮ ಕುತೂಹಲ ತಡೆಯದೆ ಪರದೆಯತ್ತ ಬಗ್ಗಿದ್ದರು.

"ಕ್ಯಾಂಪಿಗೆ ಬರುವವರು. ಅವರನ್ನು ಕ್ಲಿನಿಕ್ಕಿಗೆ ಕರೆತಂದಿದ್ದೇನೆ."

"ಎಷ್ಟು ಒಳ್ಳೆಯದಾಯಿತು! ಅವರನ್ನೇ ಕೇಳಬಹುದೇ? ಕ್ಯಾಂಪಿನಿಂದ ಅವರಿಗೆ ಏನಾಯಿತು?"

"ಅಜ್ಜಿ, ಇವರು ದೊಡ್ಡ ಡಾಕ್ಟ್ರು. ಕ್ಯಾಂಪಿಂದ ನಿಮಗೆ ಏನಾಯ್ತು ಅಂತ ಕೇಳ್ತಿದ್ದಾರೆ."

ಕೆಂಪಮ್ಮ ಸೆರಗು ಸರಿಮಾಡಿಕೊಂಡು ಕೈ ಮುಗಿದರು.

"ನಮ್ಗೆ ಇಲ್ಲಿ ಯಾರವ್ರೆ ತಾಯಿ? ಈ ಮಗ ತಿಂಗ್ಳಿಗೊಂದ್ಸಲ ಹೆಸ್ರಿಡ್ದು ಕರೀತನೆ. ಚೆನ್ನಾಗಿದ್ದೀರಾ ಅಂತನೆ. ಇವ್ನ ಮುಖ ನೋಡಕ್ಕೋಸ್ಕರನೇ ನಾವು ಮಾತ್ರೆ ನುಂಗದು. ಇಲ್ದಿದ್ರೆ ನುಂಗಕ್ಕಿಲ್ಲ. ಬದುಕಿರದೂ ಇವ್ನಿಂದ್ಲೇ ಅನ್ಕೋ. ಹೇಳು ಮಗಾ, ನಾನಂದಿದ್ನ ಹಂಗೇ ಹೇಳು."

ಹಾಗೇ ಹೇಳಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಕೆಂಪಮ್ಮ ತಮ್ಮ ಪ್ರೀತಿಯಲ್ಲೇ ಪೂರ್ತಿ ಸತ್ಯವನ್ನು ಅವನ ಕೈಯಲ್ಲಿಟ್ಟಿದ್ದರು.

"ಏನೆಂದರು?"

"ಅವರು ಕೃತಜ್ಞರಾಗಿದ್ದಾರಂತೆ," ಎಂದ ಪ್ರದ್ಯುಮ್ನ.

ಅದೂ ಸುಳ್ಳಲ್ಲ. ಪ್ರೊಫೆಸರ್ ಎದೆಯ ಮೇಲೆ ಕೈಯಿಟ್ಟುಕೊಂಡರು. ಅವರ ಕಣ್ಣು ತೇವವಾಗಿತ್ತು. ಇಂಥವರೇ ನಮಗೆ ಬೇಕು ಎಂದರು. ಪ್ರದ್ಯುಮ್ನನಿಗೂ ಕಣ್ಣು ತುಂಬಿ ಬಂತು. ಅವರ ಮೇಲೆ, ಕೆಂಪಮ್ಮನ ಮೇಲೆ, ಈ ಕಾರಿನ ಮೇಲೂ ಕೃತಜ್ಞತೆ ಉಕ್ಕಿತು. ಮಾತ್ರೆಯ ಬಗ್ಗೆ ಇನ್ನೊಂದು ವಾಕ್ಯ ಹೇಳುವುದು ಬಾಕಿಯಿದೆ, ಈಗ ಹೇಳುತ್ತೇನೆ ಎಂದುಕೊಂಡ. ಬಾಯಿ ತೆರೆದ.

ಅಷ್ಟರಲ್ಲಿ ಕೆಂಪಮ್ಮ ಸೀಟ್ ಬೆಲ್ಟನ್ನು ಸಡಿಲಿಸಿಕೊಂಡರು. ದೊಡ್ಡ ಡಾಕ್ಟರು ತನ್ನನ್ನೇ ನೋಡುತ್ತಿದ್ದಾರೆ, ಅಷ್ಟು ಅಕ್ಕರೆಯಿಂದ ಬೇರೆ ನೋಡುತ್ತಿದ್ದಾರೆ. ಇನ್ನು ಬಿ.ಪಿ. ನೋಡುವುದೊಂದು ಬಾಕಿಯಿದೆ ಎಂದು ಅವರಿಗೆ ಅನಿಸಿರಬೇಕು. ಸ್ವೆಟರಿನ ತೋಳನ್ನು ಮೇಲಕ್ಕೇರಿಸಿ, ರವಿಕೆಯ ಅಂಚನ್ನೂ ಸರಿಸಿ, ಸುಕ್ಕುಗಟ್ಟಿದ ಬರಿಯ ಕೈಯನ್ನು ಫೋನಿನ ಮುಂದೆ ಚಾಚಿದರು.

"ಅವರಿಗೆ ಏನು ಬೇಕಂತೆ?" ಎಂದು ಪ್ರೊಫೆಸರ್ ಕೇಳಿದರು.

ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಪ್ರದ್ಯುಮ್ನನ ಮುಖ ಕಾಣಿಸುತ್ತಿರಲಿಲ್ಲ. ಅಲ್ಲಿ ಪೂರ್ತಿ ಆ ಕೈಯೇ ಇತ್ತು. ಅಂಗೈ ಮೇಲೆ ಮಾಡಿ, ಅಲುಗಾಡಿಸಬಾರದೆಂದು ಉಸಿರು ಬಿಗಿಹಿಡಿದು, ಆ ಕಡೆಯಿಂದ ಯಾರಾದರೂ ಹಿಡಿದುಕೊಳ್ಳಲಿ ಎಂದು ಕೆಂಪಮ್ಮ ಕಾಯುತ್ತಿದ್ದರು.