ಹತ್ತೊಂಬತ್ತನೇ ಮಂಕರಿ

ಎರಡನೇ ಬಿಂದಿಗೆ ಅರ್ಧ ತುಂಬಿತ್ತು, ಲಕ್ಷ್ಮೀದೇವಿಯ ಫೋನು ಹೊಡೆದುಕೊಂಡಿತು. ಊರಿನಿಂದ ಚಿಕ್ಕಪ್ಪನ ಮಗ ಕೇಶವ.

“ಅಕ್ಕಾ, ಅಜ್ಜಿ ಹೋಗ್ಬುಟ್ಳು. ಮಲಗಿದ್ದಂಗೇ.”

ನೀರು ಬಿಂದಿಗೆಯ ಬಾಯಿ ದಾಟಿ ಕಾಲ ಮೇಲೆ ಹರಿಯಿತು. ಅವಳು ನಲ್ಲಿ ನಿಲ್ಲಿಸಿ, ಮಗಳನ್ನು ಎಬ್ಬಿಸಲು ಒಳಗೆ ಹೋದಳು.

ಹಿಂದೂಪುರದಿಂದ ಬಸ್ಸು, ಕಲ್ಯಾಣದುರ್ಗದಿಂದ ಜೀಪು. ಊರು ಮುಟ್ಟಿದಾಗ ಮಧ್ಯಾಹ್ನ. ಎಂಟು ವರ್ಷದ ಮಗಳು ಹರಿತಾ ದಾರಿಯುದ್ದಕ್ಕೂ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು.

ಅಜ್ಜಿ ಉಡುಸಲಮ್ಮನನ್ನು ಬೇವಿನ ನೆರಳಲ್ಲಿ ಮಲಗಿಸಿದ್ದರು.

“ಎಂಬತ್ತೈದು ವರ್ಷ ಕಣಮ್ಮ, ಒಂದಿನ ಸುಮ್ಕೆ ಕುಂತೋಳಲ್ಲ,” ಅಂದಳು ಪಕ್ಕದ ಮನೆಯ ಪಾಪಕ್ಕ, ಕಣ್ಣೊರೆಸಿಕೊಳ್ಳುತ್ತ. “ಮೊನ್ನೆ ನನ್ನ ಸೊಸೆ ಕಡ್ಲೆಕಾಯಿ ಸುಲಿಯೋದು ನೋಡಿ, ‘ಸುಲೀತಿದೀಯೋ, ಮುದ್ದು ಮಾಡ್ತಿದೀಯೋ’ ಅಂದ್ಳು!”

ಅಳುತ್ತಿದ್ದ ಹೆಂಗಸರು ನಕ್ಕರು.

*

ಹೋದ ಬೇಸಿಗೆಯಲ್ಲಿ ಕೇಶವ ಊರ ಕತೆಗಳನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದ. ಅವನು ಮಾಡಿದ ಆ್ಯಪ್ ತೆರೆದರೆ ಫೋನಿನಲ್ಲಿ ಊರ ಕೆರೆಯ ಚಿತ್ರ ಬರುತ್ತದೆ. ತೂಬು ಮುಟ್ಟಿದರೆ ತೂಬಿನ ಕತೆ, ಏರಿ ಮುಟ್ಟಿದರೆ ಏರಿಯ ಕತೆ, ಎಲ್ಲ ಅಜ್ಜಿಯ ಬಾಯಲ್ಲೇ.

ಮೊದಲ ದಿನ ಅಜ್ಜಿ ಕ್ಯಾಮೆರಾ ನೋಡಿ ಮಾತು ನಿಲ್ಲಿಸಿಬಿಟ್ಟಳು. “ಇದು ಹೂಂ ಅನ್ನಲ್ವಲ್ಲೋ. ಹೂಂ ಅನ್ನೋರಿಲ್ದೆ ಕತೆ ಯಾರಿಗೆ ಹೇಳಾನ?”

ರಜಕ್ಕೆ ಬಂದಿದ್ದ ಹರಿತಾಳನ್ನು ಎದುರು ಕೂರಿಸಿದರು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ನಾಚಿಕೆ. ನಡುವೆ ಶಾಲೆಯ ತೆಲುಗು ನುಸುಳಿದರೆ ಊರ ಮಕ್ಕಳು ನಗುತ್ತಾರೆ. ಹೂಂ ಅನ್ನುವುದಕ್ಕೆ ಆ ಭಯವಿರಲಿಲ್ಲ.

ಕೆರೆ ಕಟ್ಟುವಾಗ ಬಿದಿರಿನ ಮಂಕರಿಯಲ್ಲಿ ಏರಿಗೆ ಮಣ್ಣು ಹೊತ್ತ ಹೆಂಗಸರ ಹೆಸರನ್ನು ಅಜ್ಜಿ ಒಂದೊಂದಾಗಿ ಹೇಳಿದಳು. ಹದಿನೆಂಟು ಹೆಸರು, ಹದಿನೆಂಟು ಹೂಂ.

“ಮಂಕರಿ ಮಾತ್ರ ಹತ್ತೊಂಬತ್ತು,” ಅಂದು ನಿಲ್ಲಿಸಿದಳು.

“ಹೂಂ.”

“ಇಲ್ಲಿ ಹೂಂ ಅಂದ್ರೆ ಸಾಲ್ದು ಕಣವ್ವ. ಕೇಳ್ಬೇಕು.”

ಮಗು ತಾಯಿಯ ಸೆರಗಿನ ಹಿಂದೆ ಸರಿಯಿತು. ಅಜ್ಜಿ ಎಲ್ಲರನ್ನೂ ಆಚೆ ಕಳಿಸಿ, ಕೇಶವನೊಬ್ಬನೆದುರು ಕ್ಯಾಮೆರಾಕ್ಕೆ ಏನೋ ಹೇಳಿದಳು. ಬಾಗಿಲು ತೆಗೆದಾಗ ಕೇಳಿಸಿದ್ದು ಇಷ್ಟೇ: “ಹೂಂ ಅಂದೋಳೇ ಬಾಯ್ಬಿಟ್ಟು ಕೇಳ್ಲಿ. ಅಲ್ಲೀಗಂಟ ಇದನ್ನ ಯಾರ್ಗೂ ತೆಗೀಬ್ಯಾಡ ಕಣ್ಲಾ.”

*

“ನಮ್ಮ ತಾತ ಕಟ್ಟಿದ ಕೆರೆ ಅಂತ ಎಪ್ಪತ್ತು ವರ್ಷದಿಂದ ಹೇಳ್ಕೊಂಡು ತಿರುಗಿದ್ವಿ,” ಅಂದ ಊರ ಹಿರಿಯ ಈರಲಿಂಗಪ್ಪ, ಮಲಗಿಸಿದ್ದ ಅಜ್ಜಿಗೆ ಹಾರ ಹಾಕಿ ಕೈಮುಗಿದು. “ಈಯಮ್ಮ ಫೋನ್ನಾಗೆ ನಮ್ಮ ಮಾನ ತೆಗೆದ್ಬುಟ್ಳು.”

“ನಿಮ್ಮ ತಾತ ಕೊಡೆ ಹಿಡ್ಕಂಡು ನೆಳ್ಳಾಗೆ ನಿಂತಿದ್ದ. ಅದನ್ನೂ ಹೇಳವ್ಳೆ ಬಿಡಪ್ಪ,” ಅಂದಳು ಪಾಪಕ್ಕ.

ಈರಲಿಂಗಪ್ಪನೂ ನಕ್ಕ. “ಅದ್ಕೇ ಏರಿ ಮೇಲೆ ಕಲ್ಲು ನೆಡಿಸ್ತೀನಿ. ಆಕೆ ಬಾಯಾಗೆ ಬಂದ ಹದಿನೆಂಟು ಹೆಸ್ರೂ ಇರ್ತವೆ. ನಾಳೆ ಕೆತ್ತೋನು ಬತ್ತಾನೆ.”

“ಹದಿನೆಂಟಾ?” ಪಾಪಕ್ಕ ಅಜ್ಜಿಯ ಕಡೆ ಕೈ ತೋರಿದಳು. “ಇವ್ಳೂ ಹೊತ್ತವ್ಳೆ. ನಮ್ಮವ್ವ ಹೇಳ್ತಿದ್ಲು.”

“ಹೊತ್ತಿರ್ಬೋದು. ನಮ್ಮಜ್ಜೀನೂ ಹೊತ್ಲು ಅಂತ ಈಗಾಗ್ಲೇ ಹತ್ತು ಮನೆಯೋರು ಬಂದವ್ರೆ. ಅದ್ಕೇ, ಈಯಮ್ಮನ ಬಾಯಾಗೆ ಬಂದಿದ್ದೇ ಲೆಕ್ಕ. ತನ್ನೆಸ್ರು ತಾನು ಹೇಳಿಲ್ವಲ್ಲ, ಏನ್ಮಾಡ್ಲಿ?”

ತನ್ನ ಹೆಸರನ್ನು ತಾನೇ ಎತ್ತಿ ಹೇಳಿಕೊಳ್ಳುವವಳಲ್ಲ ಅಜ್ಜಿ. ಲಕ್ಷ್ಮೀದೇವಿ ಕೇಶವನ ಮುಖ ನೋಡಿದಳು. ಅವನು ಹರಿತಾಳನ್ನು ನೋಡುತ್ತಿದ್ದ.

ಅಜ್ಜಿಯನ್ನು ಎತ್ತುವ ಮೊದಲು ಆ ಹೆಸರುಗಳನ್ನು ಎಲ್ಲರೂ ಒಮ್ಮೆ ಕೇಳಲಿ ಎಂದು ಅವನು ಫೋನನ್ನು ಅಜ್ಜಿಯ ತಲೆಯ ಬಳಿ ಇಟ್ಟ. ಒಂದೊಂದು ಹೆಸರಿಗೂ ಗುಂಪಿನಲ್ಲಿ ಯಾರೋ ಒಬ್ಬರು ಬೆನ್ನು ನೆಟ್ಟಗೆ ಮಾಡಿ ನಿಂತರು. ಪಾಪಕ್ಕ ತನ್ನ ಅವ್ವನ ಹೆಸರು ಬಂದಾಗ ಸೆರಗು ತಲೆಗೆಳೆದುಕೊಂಡಳು. ಹೆಸರಿನ ಹಿಂದೆಯೇ ಮಗುವಿನ ಸಣ್ಣ ಹೂಂ.

“ಮಂಕರಿ ಮಾತ್ರ ಹತ್ತೊಂಬತ್ತು,” ಅಂದಿತು ಅಜ್ಜಿಯ ದನಿ. ಅಷ್ಟಕ್ಕೆ ನಿಂತಿತು.

ಪರದೆಯ ಮೇಲೆ ಏರಿ, ಏರಿಯ ಮೇಲೊಂದು ಮಂಕರಿ. ಅಂದು ಅಜ್ಜಿ ಎಲ್ಲರನ್ನೂ ಆಚೆ ಕಳಿಸಿ ಹೇಳಿದ ಮಾತು ಅದರೊಳಗಿತ್ತು; ಕೇಶವನ ಬೆರಳು ಹತ್ತಿರ ಕಾದಿತ್ತು.

ಕೇಳು ಮಗಳೇ ಎಂಬ ಮಾತು ಲಕ್ಷ್ಮೀದೇವಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಮಗಳ ಕೈಯನ್ನು ಮೆಲ್ಲಗೆ ಬಿಟ್ಟಳು.

ಹರಿತಾ ಫೋನಿನ ಕಡೆ ನೋಡಲಿಲ್ಲ. ಜನರನ್ನು ದಾಟಿ ಹೋಗಿ ಅಜ್ಜಿಯ ಕಿವಿಯ ಹತ್ತಿರ ಕೂತಳು.

“ಅಜ್ಜೀ,” ಅಂದಳು, ಅಂಗಳಕ್ಕೆಲ್ಲ ಕೇಳುವ ಹಾಗೆ. “ಆ ಹತ್ತೊಂಬತ್ತನೇ ಮಂಕರಿ ಎವರು... ಯಾರು ಹೊತ್ರು?”