ಅಂಚು ಸವೆದ ಬೆಳ್ಳಿ

ಕಾಪುವಿನ ಪೇಟೆಯಲ್ಲಿ ಹಗ್ಗ, ಗಾಳ, ಲಾಟೀನು ಮಾರುತ್ತಿದ್ದ ಹಾಜಬ್ಬ ಮಣಿಪಾಲದ ಆ ನಾಣ್ಯ ಕೊಳ್ಳುವವನ ಮನೆಯೊಳಗೆ ಕಾಲಿಟ್ಟಾಗಿನಿಂದ ಹೆಗಲ ಬಟ್ಟೆಯ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದ. ಪಕ್ಕದಲ್ಲಿ ಕುಳಿತ ಅಳಿಯ ಶುಕೂರ್ ದುಬೈಯಿಂದ ತಂದ ಸೆಂಟನ್ನು ಮೈತುಂಬ ಸುರಿದುಕೊಂಡಿದ್ದ. ಹೆಂಡತಿ ಖದೀಜಮ್ಮ ತೀರಿಕೊಂಡು ನಲವತ್ತು ದಿನ ತುಂಬಿರಲಿಲ್ಲ. ಅವಳ ಹೆಣಕ್ಕೆ ಹೊದಿಸಿದ ಕಫನಿನ ಕರ್ಪೂರದ ವಾಸನೆ ಮುದುಕನ ಮೂಗಿನಲ್ಲಿ ಇನ್ನೂ ಇತ್ತು. ಅದರ ಮೇಲೆ ಈ ಸೆಂಟು ಬಂದು ಕೂತಿತ್ತು.

ಮೇಜಿನ ಮೇಲಿದ್ದದ್ದು ಅವಳ ನಾಣ್ಯ. ಜರ್ಮನಿಯ ಬೆಳ್ಳಿ ನಾಣ್ಯ, ೧೯೧೦ನೇ ಇಸವಿಯ ಮೂರು ಮಾರ್ಕು. ಒಂದು ಬದಿ ಮೀಸೆ ಹುರಿ ಮಾಡಿದ ಕೈಸರ ಚಕ್ರವರ್ತಿ, ಇನ್ನೊಂದು ಬದಿ ಹದ್ದು. ಅವಳ ತಂದೆ ಉಡುಪಿಯಲ್ಲಿ ಒಬ್ಬ ಜರ್ಮನ್ ಪಾದ್ರಿಗೆ ಅಡುಗೆ ಮಾಡುತ್ತಿದ್ದ. ಮೊದಲ ಮಹಾಯುದ್ಧ ಬಂದು ಪಾದ್ರಿ ಊರು ಬಿಡುವಾಗ ಅಡುಗೆಯವನ ಕೈಗೆ ಇಟ್ಟುಹೋದದ್ದು ಅದು.

"ಅದನ್ನು ಮಾರಿ ಹೆಂಗಸರ ಮಯ್ಯತ್ ತೊಳೆಯಲಿಕ್ಕೆ ಮಸೀದಿಯ ಹಿಂದೆ ಒಂದು ಹೆಂಚಿನ ಮಾಡು ಹಾಕಿಸಿ," ಎಂದಿದ್ದಳು ಖದೀಜಮ್ಮ, ಮಾತು ನಿಲ್ಲುವ ಮುಂಚಿನ ದಿನ. ಅಂಥ ಸೂರು ಇಲ್ಲದ್ದರಿಂದ ಅವಳ ಹೆಣವನ್ನೂ ತೆಂಗಿನ ಮಡಲಿನ ತಟ್ಟಿಯ ಮರೆಯಲ್ಲೇ ತೊಳೆಯಬೇಕಾಯಿತು. ಕಡಲ ಗಾಳಿಗೆ ತಟ್ಟಿ ಹಾರಿದಾಗ ಹಾಜಬ್ಬ ಬೆನ್ನು ತಿರುಗಿಸಿ ಬೆಡ್‌ಶೀಟು ಹಿಡಿದು ನಿಂತಿದ್ದ.

ನಾಣ್ಯ ನೋಡುತ್ತಿದ್ದವನು ಬೆಂಜಮಿನ್. ಕ್ರೈಸ್ತನಾದ್ದರಿಂದ ಊರವರಿಗೆ ಅವನು 'ಪೊರ್ಬುಗಳು'. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಹಳೆಯ ನಾಣ್ಯಗಳನ್ನು ಕೊಂಡು ಕೂಡಿಡುವುದೇ ಅವನ ಕಸುಬು. ಬೆರಳ ತುದಿಯಲ್ಲಿ ಅಂಚು ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಕಣ್ಣಿಗೆ ಭೂತಗನ್ನಡಿ ಒತ್ತಿದ.

"ಎಂತ ಮಾಲು ಮಾರಾಯ್ರೆ! ಮೀಸೆಯ ಎಳೆ ಎಳೆ ಕಾಣ್ತದೆ. ಹದ್ದಿನ ಎದೆಯ ಗರಿ ಸ್ವಲ್ಪವೂ ಸವೆಯಲಿಲ್ಲ. ಎಕ್ಸ್‌ಟ್ರೀಮ್ಲಿ ಫೈನ್ ಅಂತ ಬರೆಯಬಹುದು."

"ಅದಕ್ಕಿಂತ ಮೇಲಿನ ದರ್ಜೆ ಇಲ್ವಾ?" ಎಂದ ಶುಕೂರ್.

"ಉಂಟು, ಟಂಕಸಾಲೆಯಿಂದ ಸೀದಾ ಬಂದದ್ದಕ್ಕೆ. ನಿಮ್ಮ ಮಾವ ಟಂಕಸಾಲೆಯಲ್ಲಿ ಹುಟ್ಟಿದ್ದಲ್ಲ, ಅಲ್ವಾ?"

ನಗುತ್ತಲೇ ನಾಣ್ಯವನ್ನು ತಿರುಗಿಸಿದ ಬೆಂಜಮಿನ್‌ನ ಕಣ್ಣು ಅಂಚಿನ ಮೇಲೆ ನಿಂತುಬಿಟ್ಟಿತು. "ಇಲ್ಲಿ ಸುತ್ತ ಅಕ್ಷರ ಕೊರೆದಿರ್ತದೆ. 'ದೇವರು ನಮ್ಮ ಜೊತೆ' ಅಂತ ಅರ್ಥ. ಇದರಲ್ಲಿ ಕೊನೆಯ ಶಬ್ದವೇ ಇಲ್ಲ. ಜಾಗ ಚಪ್ಪಟೆ." ಭೂತಗನ್ನಡಿ ಕೆಳಗಿಟ್ಟ. "ಹಿಂದೆ ಕಳ್ಳರು ಅಂಚಿಗೆ ಅರ ಹಾಕಿ ಉಜ್ಜಿ ಬೆಳ್ಳಿಪುಡಿ ಮಾರ್ತಿದ್ದರು. ಅಂಥದ್ದಾದರೆ ದರ್ಜೆ ಪಾತಾಳಕ್ಕೆ ಹೋಗ್ತದೆ. ಅಚ್ಚಿನದೇ ತಪ್ಪಾದರೆ ತೊಂದರೆ ಇಲ್ಲ. ಹಾಜಬ್ಬನವರೇ, ನೀವೇ ಹೇಳಿ. ನಿಮ್ಮ ಮಾತು ನನಗೆ ಸಾಕು."

ಹಾಜಬ್ಬ ಬಾಯಿ ತೆರೆಯುವ ಮೊದಲೇ ಶುಕೂರ್ ಹೇಳಿದ: "ಪಾದ್ರಿ ಕೊಟ್ಟ ದಿನದಿಂದ ಪೆಟ್ಟಿಗೆಯಲ್ಲೇ ಇತ್ತು. ಮಾಮಿ ಹೊರಗೆ ತೆಗೆದದ್ದೇ ಇಲ್ಲ. ಅಲ್ವಾ ಮಾವ?"

ಮುದುಕನ ಕಣ್ಣ ಮುಂದೆ ಹೆಂಚಿನ ಮಾಡೊಂದು ಎದ್ದು ನಿಂತಿತು. ಹೌದೆಂಬಂತೆ ತಲೆ ತಾನಾಗಿ ಆಡಿತು. ಆಡಿದ್ದೇ ತಡ, ಹಳಸಿದ ಮೀನುಸಾರು ಬಾಯಿಗೆ ಬಂದ ಹಾಗಾಯಿತು. ಐವತ್ತು ವರ್ಷ ತಕ್ಕಡಿ ಹಿಡಿದವನು, ಹಜ್ಜಿಗೆ ಹೋಗಿ ಬಂದವನು, ಹೆಣ ತೊಳೆಯುವ ಮಾಡಿಗಾಗಿ ಸುಳ್ಳಿಗೆ ತಲೆಯಾಡಿಸಿದ್ದ.

ಬೆಂಜಮಿನ್ ಕಾಗದದ ಪುಟ್ಟ ಲಕೋಟೆಯ ಮೇಲೆ ದರ್ಜೆ ಬರೆದ. ಸಮಾಧಾನವಾಗಲಿಲ್ಲವೇನೋ, ಮತ್ತೊಮ್ಮೆ ಅಂಚು ನೋಡಿದ. "ಉಜ್ಜಿದ ಗೀರು ಕಾಣ್ತದಲ್ಲ? ಒಂದೇ ದಿಕ್ಕಿಗೆ ಉಂಟು."

ಶುಕೂರ್ ಹಲ್ಲು ಕಿರಿದ. "ಹಾಗಾದ್ರೆ ಅದು ಮಾಮಿಯದೇ ಕೈಚಳಕ. ಮಾವನಿಗೆ ತಿಳಿಯದ ಹಾಗೆ ಪುಡಿ ಮಾರಿ ಎಲೆಯಡಿಕೆ ತಿಂದಿರಬೇಕು. ಸತ್ತವರನ್ನು ಈಗ ಕೇಳ್ಲಿಕ್ಕಾಗ್ತದಾ? ಒಂದು ಶಬ್ದ ತಾನೇ ಪೊರ್ಬುಗಳೇ, ಬಿಟ್ಟುಬಿಡಿ."

ಹಾಜಬ್ಬನಿಗೆ ಅಳಿಯನ ಮುಖ ನೋಡಲಾಗಲಿಲ್ಲ. ಆ ಕೆಂಪು ನಾಲಿಗೆಯನ್ನು ಮಾತ್ರ ನೋಡಿದ.

"ನಾಲಿಗೆ ಹೊರಗೆ ಹಾಕು," ಎಂದ.

"ಎಂತ ಮಾವ?"

"ನಿನ್ನ ನಾಲಿಗೆಗೂ ಅವಳು ಇದನ್ನು ಮುಟ್ಟಿಸಿದ್ದಾಳೆ. ನಿನ್ನ ತಾಯಿಯ ಹೆರಿಗೆಗೆ ಹೋದವಳು ಯಾರು?" ಮುದುಕ ಬೆಂಜಮಿನ್‌ನ ಕಡೆ ತಿರುಗಿದ. "ಪೊರ್ಬುಗಳೇ, ನಾನು ತಲೆಯಾಡಿಸಿದ್ದು ಸುಳ್ಳು. ನಾಣ್ಯ ಪೆಟ್ಟಿಗೆಯಲ್ಲಿ ಇರಲಿಲ್ಲ. ಅವಳು ಸೂಲಗಿತ್ತಿ. ನಮ್ಮವರ ಮನೆ, ಮೊಗವೀರರ ಮನೆ ಅಂತ ನೋಡದೆ ಕರೆದಲ್ಲಿಗೆ ಹೋಗ್ತಿದ್ದಳು. ಮೂರನೇ ದಿನ ತೇಯುವ ಕಲ್ಲಿನ ಮೇಲೆ ಜೇನು ಬಿಟ್ಟು, ಬಜೆ ತೇಯ್ದು, ಮೇಲಿಂದ ಈ ಬೆಳ್ಳಿಯ ಅಂಚನ್ನು ನಾಲ್ಕು ಸಲ ತೇಯ್ದು ಮಗುವಿನ ನಾಲಿಗೆಗೆ ಹಚ್ಚುವುದು. ಯಾವಾಗಲೂ ಅದೇ ಜಾಗ. ಮುಖ ಸವೆಯಬಾರದು, ಅದು ಪಾದ್ರಿಯ ನೆನಪು ಅಂತ ಹೇಳ್ತಿದ್ದಳು. ಎಷ್ಟು ಮಕ್ಕಳಿಗೆ ಅಂತ ಅವಳಿಗೂ ಗೊತ್ತಿರಲಿಲ್ಲ."

ಬೆಂಜಮಿನ್ ದರ್ಜೆ ಬರೆದಿದ್ದ ಲಕೋಟೆಯನ್ನು ಹರಿದು ಪಕ್ಕಕ್ಕಿಟ್ಟ. "ಹಾಜಬ್ಬನವರೇ, ಬೇಜಾರು ಮಾಡಬೇಡಿ. ಯಾವ ಕಾರಣಕ್ಕಾದರೂ ಸವೆದದ್ದು ಸವೆದದ್ದೇ. ದರ್ಜೆ ಇಳಿಸಲೇಬೇಕು."

"ಇಳಿಸಿ. ಆದರೆ ಅರ ಹಾಕಿದ್ದು ಅಂತ ಬರೆಯಬೇಡಿ."

ಬೆಂಜಮಿನ್ ಹೊಸ ಲಕೋಟೆ ತೆಗೆದು ಎರಡು ಮೆಟ್ಟಲು ಕೆಳಗಿನ ದರ್ಜೆ ಬರೆದ. ಅದರ ಕೆಳಗೆ, 'ಸೂಲಗಿತ್ತಿ ಖದೀಜಮ್ಮ ಮಕ್ಕಳಿಗಾಗಿ ತೇಯ್ದ ಅಂಚು' ಎಂದು ಕನ್ನಡದಲ್ಲೇ ಬರೆದು ಮುಂದೆ ಹಿಡಿದ. ಹಾಜಬ್ಬ ಅಕ್ಷರ ಅಕ್ಷರ ಓದಿ, ಕೊಟ್ಟ ಹಣವನ್ನು ತೆಗೆದುಕೊಂಡ. ಅದು ಮಾಡಿಗೆ ಸಾಲುತ್ತಿರಲಿಲ್ಲ. ಮಯ್ಯತ್ ಮಲಗಿಸುವ ಒಂದು ಕಲ್ಲುಚಪ್ಪಡಿಗೆ ಆಗುವಷ್ಟಿತ್ತು.

ಅಂಗಳಕ್ಕೆ ಇಳಿದಾಗ ಶುಕೂರ್ ಹಿಂದಿನಿಂದ ಬಂದ. "ಮಾಡು ನಾನು ಹಾಕಿಸ್ತೇನೆ ಮಾವ. ಬಾಯಿತಪ್ಪಿ ಬಂತು."

"ಹಾಕಿಸು. ಸತ್ತ ಹೆಂಗಸರಿಗೆ ನೆರಳಾಗಲಿ," ಎಂದ ಹಾಜಬ್ಬ. "ಆದರೆ ಇವತ್ತು ನನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂರಬೇಡ."

ಗೇಟಿನ ಹತ್ತಿರ ನಲ್ಲಿಯೊಂದಿತ್ತು. ಮುದುಕ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ನಮಾಜಿಗೆ ಮುಂಚಿನ ಹಾಗೆ, ಮೂರು ಸಲ ಬಾಯಿ ಮುಕ್ಕಳಿಸಿ ಉಗುಳಿದ. ಅಸಹ್ಯ ಹೋಗಲಿಲ್ಲ. ಸುಳ್ಳು ಹೇಳಿದ್ದು ಬಾಯಿಯಲ್ಲ, ತಲೆಯಾಡಿಸಿದ ಕುತ್ತಿಗೆ ಎಂದು ಹೊಳೆದಾಗ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟು, ಕುತ್ತಿಗೆಯನ್ನು ನಲ್ಲಿಯ ಕೆಳಗೆ ಹಿಡಿದ.